ರಕ್ತ ಕಡಿಮೆ, ಕುತೂಹಲ ಜಾಸ್ತಿ ಇರುವ ಪತ್ತೇದಾರಿ ಕಾದಂಬರಿ ಬೇಕು

ಎಲ್ಲರಿಗೂ ನಮಸ್ಕಾರ. ಮುಂದೇನು ಓದಲಿ ಅಂತ ತಿಳಿಯದೆ ಕೂತಿದ್ದೇನೆ, ಸ್ವಲ್ಪ ಸಹಾಯ ಮಾಡಿ. ನನಗೆ ಕೋಜಿ ಮಿಸ್ಟರಿ ಅಂದರೆ ಇಷ್ಟ. ಕೊಲೆ ಆಗಿರುತ್ತದೆ, ಆದರೆ ರಕ್ತ ಕಣ್ಣಿಗೆ ರಾಚುವುದಿಲ್ಲ. ಪತ್ತೆ ಮಾಡುವವರು ನಮ್ಮಂಥ ಸಾಮಾನ್ಯ ಜನ.

ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ಓದಿದೆ. ನಿವೃತ್ತರ ವಸತಿಯಲ್ಲಿರುವ ನಾಲ್ವರು ಹಳೆಯ ಕೇಸುಗಳನ್ನು ಕೆದಕುವ ಕಥೆ. ಕೊಲೆಗಾರ ಯಾರು ಅನ್ನುವುದಕ್ಕಿಂತ ಆ ನಾಲ್ವರಲ್ಲಿ ಒಬ್ಬಳಾದ ಜಾಯ್ಸ್ ಬರೆಯುವ ಡೈರಿಯೇ ನನಗೆ ಜಾಸ್ತಿ ಹಿಡಿಸಿತು. ಕೊಲೆಯ ಮಾತು ಬಿಟ್ಟು ಮಗಳ ವಿಷಯಕ್ಕೆ ಜಾರಿಬಿಡುತ್ತಾಳೆ! ಕೊನೆ ಮಾತ್ರ ಗೋಜಲು. ಎರಡು ಸಲ ಓದಬೇಕಾಯಿತು. ಇದೇ ಸರಣಿಯ ನಾಲ್ಕನೆಯ ಪುಸ್ತಕ ‘ದಿ ಲಾಸ್ಟ್ ಡೆವಿಲ್ ಟು ಡೈ’ (2023) ಬೇರೆಯೇ ಥರ. ಆ ನಾಲ್ವರಲ್ಲೇ ಇನ್ನೊಬ್ಬಳಾದ ಎಲಿಜಬೆತ್‌ಳ ಗಂಡನ ಮರೆವಿನ ಕಾಯಿಲೆಯ ಭಾಗ ಬಂದಾಗ ಅತ್ತುಬಿಟ್ಟೆ, ಕೊಲೆ ಕಥೆ ಓದಿ ಯಾರಾದರೂ ಅಳ್ತಾರಾ ಅಂತ ಮನೆಯವರು ನಕ್ಕರು.

ಜೆಸ್ಸಿ ಕ್ಯೂ. ಸುಟಾಂಟೊ ಅವರ ವೆರಾ ವಾಂಗ್ ಕಥೆ ಕೂಡ ಓದಿಯಾಯಿತು. ತನ್ನ ಟೀ ಅಂಗಡಿಯಲ್ಲಿ ಬಿದ್ದಿದ್ದ ಹೆಣದ ಕೈಯಿಂದ ಫ್ಲ್ಯಾಶ್ ಡ್ರೈವ್ ಎತ್ತಿಟ್ಟುಕೊಳ್ಳುವ ಅಜ್ಜಿ ಆಕೆ. ಮಜಾ ಇದೆ, ಆದರೆ ಸುಳಿವುಗಳು ತೆಳು ಅನ್ನಿಸಿತು.

ಇದೇ ರೀತಿಯ, ಆದರೆ ಸುಳಿವುಗಳನ್ನು ಓದುಗರ ಮುಂದೆಯೇ ಇಡುವ ಕಾದಂಬರಿ ಗೊತ್ತಿದ್ದರೆ ಹೇಳಿ. ಸರಣಿ ಬೇಡ, ಒಂದೇ ಪುಸ್ತಕದಲ್ಲಿ ಮುಗಿಯಬೇಕು. ಬೆಕ್ಕು ಪತ್ತೇದಾರಿಕೆ ಮಾಡುವ ಪುಸ್ತಕ ಮಾತ್ರ ದಯವಿಟ್ಟು ಬೇಡ! ಕನ್ನಡದಲ್ಲೇ ಇದ್ದರೆ ಇನ್ನೂ ಖುಷಿ. ಕೊಲೆಗಾರನ ಹೆಸರು ಬಾಯಿತಪ್ಪಿಯೂ ಹೇಳಬೇಡಿ, ಆಯ್ತಾ?