ಕೈ ವಾಲುವುದಕ್ಕೆ ಪದ ಬೇಕು (ತುರ್ತು)

ಅನುವಾದಕಿ: ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕವೊಂದು ನಾಳೆ ಅಚ್ಚಿಗೆ ಹೋಗಬೇಕು. ಪರದೆಯ ಮೇಲೆ ಕದಲದ ಒಂದು ಚುಕ್ಕಿ, ಹಿನ್ನೆಲೆಯಲ್ಲಿ ಬಲಕ್ಕೆ ಓಡುವ ಪಟ್ಟೆಗಳು. ಚುಕ್ಕಿಯನ್ನು ಥಟ್ಟನೆ ಮುಟ್ಟಹೋದರೆ ಬೆರಳು ತುಸು ಬಲಕ್ಕೆ ಬೀಳುತ್ತದೆ. 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿಟ್ನಿ, ವೆಸ್ಟ್‌ವುಡ್, ಗುಡೇಲ್ ಇಂಥದ್ದನ್ನೇ ತೋರಿಸಿದ್ದರು. ಜಪಾನಿನವರ 2005ರ ಪ್ರಬಂಧದಲ್ಲಿ ಇದು ‘ಮ್ಯಾನ್ಯುಯಲ್ ಫಾಲೋಯಿಂಗ್ ರೆಸ್ಪಾನ್ಸ್’. ಕನ್ನಡದಲ್ಲಿ ಏನನ್ನೋಣ? ‘ಹಿನ್ನೆಲೆಯ ಚಲನೆ’ ಸರಿಯೇ?

ನಿಘಂಟುಪ್ರಿಯ: ಹಸ್ತಾನುಸರಣ ಪ್ರತಿಕ್ರಿಯೆ. ಕಣ್ಣಿಗೂ ಇಂಥದೇ ಒಂದಿದೆ, ಅದು ನೇತ್ರಾನುಸರಣ. ಜೋಡಿ ಕೂಡಿಬರುತ್ತದೆ. ಮುಗಿಯಿತು.

ಅಚ್ಚಗನ್ನಡಿಗ: ಮುಗಿಯಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಇದನ್ನೋದಿ ಯಾವುದೋ ವ್ರತ ಅಂದುಕೊಳ್ಳುತ್ತಾಳೆ. ‘ಕೈಸೆಳೆತ’ ಅನ್ನಿ. ‘ಹಿನ್ನೆಲೆಯ ಚಲನೆ’ಯಂತೂ ಬೇಡವೇ ಬೇಡ. ನೆಲೆ ‘ನಿಲ್’ ಧಾತುವಿನ ಪದ. ನಿಂತದ್ದು ನೆಲೆ. ಅದು ಓಡುವುದು ಹೇಗೆ?

ಮೇಷ್ಟ್ರು: ಕೈಸೆಳೆತ ಅಂದರೆ ಜನ ಮುಲಾಮು ಹುಡುಕುತ್ತಾರೆ. ಅಂದಹಾಗೆ, ‘ಧಾತು’ ಯಾವ ಭಾಷೆಯದು ಸ್ವಾಮಿ? ಮೋಡ ಓಡುವಾಗ ಚಂದ್ರ ಓಡಿದ ಹಾಗೆ ಕಾಣುವುದಿಲ್ಲವೇ, ಅದೇ ಇದು. ‘ಚಲನಭ್ರಮೆ’ ಸಾಕು.

ಅನುವಾದಕಿ: ಅದಲ್ಲ ಸಾರ್. ಚಂದ್ರ ಓಡಿದಂತೆ ಕಾಣುವುದು ಮೋಡಕ್ಕೆ ಎದುರು ದಿಕ್ಕಿಗೆ. ಆ ಬಗೆಯ ಭ್ರಮೆಯನ್ನು ಜರ್ಮನ್ ಮನೋವಿಜ್ಞಾನಿ ಡುಂಕರ್ 1929ರಲ್ಲೇ ವಿವರಿಸಿದ್ದಾನೆ. ಇಲ್ಲಿ ಕೈ ಹೋಗುವುದು ಪಟ್ಟೆಗಳ ಜೊತೆಗೇ. ಅದೂ ಪಟ್ಟೆ ಸರಿದು ಸೆಕೆಂಡಿನ ಹತ್ತರಲ್ಲೊಂದು ಪಾಲು ಕಳೆಯುತ್ತಿದ್ದಂತೆ, ನಾವು ಬೇಕೆಂದು ಮಾಡದೆಯೇ. ಭ್ರಮೆ ಅಂದರೆ ದಿಕ್ಕೇ ತಿರುಗಿಹೋಗುತ್ತದೆ.

ನಿಘಂಟುಪ್ರಿಯ: ‘ಅನುಸರಣ’ದಲ್ಲಿ ಆ ದಿಕ್ಕು ಇದ್ದೇ ಇದೆ.

ಅಚ್ಚಗನ್ನಡಿಗ: ‘ಹಿಂಬಾಲಿಕೆ’ಯಲ್ಲೂ ಇದೆ. ಕೈಹಿಂಬಾಲಿಕೆ. ಕನ್ನಡಿಗರಿಗೆ ಬಾಲ ಗೊತ್ತು, ನಿಮ್ಮ ‘ಸರಣ’ ಗೊತ್ತಿಲ್ಲ.

ಮೇಷ್ಟ್ರು: ಬಾಲವೂ ಸಂಸ್ಕೃತದ ‘ವಾಲ’ವೇ.

ಅಚ್ಚಗನ್ನಡಿಗ: ತಮಿಳಿನ ‘ವಾಲ್’ ನೋಡಿ, ಆಮೇಲೆ ಮಾತಾಡಿ. ನಮ್ಮ ಮನೆಯ ಪಾತ್ರೆಗೆಲ್ಲ ಅವರ ಹೆಸರು ಕೆತ್ತುವ ಚಾಳಿ ಇನ್ನಾದರೂ ನಿಲ್ಲಲಿ.

ನಿಘಂಟುಪ್ರಿಯ: ಕೊಟ್ಟು ಪಡೆಯದ ಭಾಷೆ ಯಾವುದಿದೆ? ‘ಪರದೆ’ ಪಾರಸಿಯಿಂದ ಬಂದದ್ದು. ಅದನ್ನೂ ಕಿತ್ತು ಹಾಕುತ್ತೀರಾ?

ಅನುವಾದಕಿ: ಬಾಲದ ಚರ್ಚೆ ಮುಂದುವರಿಯಲಿ. ಫಲಕಕ್ಕೆ ನಾನು ವಾಕ್ಯವನ್ನೇ ಕಳಿಸಿದೆ: ‘ಪಟ್ಟೆ ಸರಿದ ಕಡೆಗೇ ನಿಮ್ಮ ಕೈಯೂ ವಾಲಿತು, ನೋಡಿದಿರಾ?’ ಕೆಳಗೆ ಸಣ್ಣಕ್ಷರದಲ್ಲಿ ಕೈಹಿಂಬಾಲಿಕೆ. ಹಿನ್ನೆಲೆಯನ್ನು ಹೆಸರಿಸುವ ಗೋಜಿಗೇ ಹೋಗಲಿಲ್ಲ.

ಅಚ್ಚಗನ್ನಡಿಗ: ‘ಪಟ್ಟೆ’ ಬಂದದ್ದು ಸಂಸ್ಕೃತದ ‘ಪಟ್ಟ’ದಿಂದ. ಗೆರೆ ಅನ್ನಬೇಕಿತ್ತು.