ಗೋಲ್ಡ್ ಫಿಶ್‌ಗೆ ಹೊಂಗೆಂಡೆ ಅನ್ನಬಹುದಾ?

ಹಾಸನದ ನಮ್ಮ ಮನೆ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮೀನು ಬಿಡೋಕೆ ಅಂತ ಸಣ್ಣದೊಂದು ಕೊಳ ಕಟ್ಟಿಸಿದ್ದೇನೆ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳ. 1,300 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ತೊಟ್ಟಿ ಅನ್ನುತ್ತಾರೆ. ಕೊಳ ಅನ್ನುವ ಮಾತು ನಮ್ಮ ಬಾಯಲ್ಲಿ ಉಳಿದಿರುವುದು ಬಿಳಿಕೊಳದ ಊರು ಶ್ರವಣಬೆಳಗೊಳದ ಹೆಸರು ಹೇಳುವಾಗ ಮಾತ್ರ. ಅದಿರಲಿ, ನನ್ನ ತಕರಾರು ಮೀನಿನ ಹೆಸರಿನದು.

ಅಂಗಡಿಯಲ್ಲಿ ಗೋಲ್ಡ್ ಫಿಶ್ ಕೊಡಿ ಅಂದೆ. ನಾಲ್ಕು ಕೆಂಪು ಮರಿಗಳನ್ನು ಕವರಿಗೆ ಹಾಕಿ ಕೊಟ್ಟರು. ಮನೆಗೆ ತಂದು ಬಕೆಟ್ಟಿಗೆ ಬಿಟ್ಟು ಬಗ್ಗಿ ನೋಡಿದರೆ ಎರಡಕ್ಕೆ ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಮೀಸೆ! ಗೋಲ್ಡ್ ಫಿಶ್‌ಗೆ ಮೀಸೆ ಇರುವುದಿಲ್ಲ. ಇವು ಕೋಯಿ, ಎರಡಡಿವರೆಗೂ ಬೆಳೆಯುವಂಥವು, ನನ್ನ ತೊಟ್ಟಿಯಲ್ಲಿ ತಿರುಗುವುದಕ್ಕೂ ಜಾಗ ಸಾಲದು. ವಾಪಸ್ ಕೊಡಲು ಹೋದರೆ "ಎಲ್ಲಾ ಗೋಲ್ಡೇ ಅಲ್ವಾ ಸಾರ್" ಅಂದರು.

ಕನ್ನಡದಲ್ಲಾದರೂ ಬಿಡಿಸಿ ಹೇಳೋಣ ಅಂದರೆ ಇರುವುದು 'ಚಿನ್ನದ ಮೀನು'. ನನಗೆ ಅದು ಒಗ್ಗಲಿಲ್ಲ. ಚಿನ್ನದ ಬಳೆ, ಚಿನ್ನದ ಸರ ಅಂದ ಹಾಗಾಗುತ್ತದೆ. ನಮ್ಮತ್ತೆಯಂತೂ ಎಷ್ಟು ಗ್ರಾಂ ಅಂತ ಕೇಳಿಬಿಟ್ಟರು.

ಮೀನು ಸಾಕಣೆಯವರು ಕಾರ್ಪ್ ಜಾತಿಗೆ ಗೆಂಡೆ ಅನ್ನುತ್ತಾರೆ. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಹೀಗೆ. ಗೋಲ್ಡ್ ಫಿಶ್ ಕೂಡ ಅದೇ ಕುಟುಂಬದ್ದು. ಬೆಳ್ಳಿಗೆಂಡೆ ಇರುವಾಗ ಹೊಂಗೆಂಡೆ ಯಾಕಾಗಬಾರದು, ಹೊನ್ನು ಕನಸಿಗೆ ಸೇರಿ ಹೊಂಗನಸು ಆಗಲಿಲ್ಲವಾ? ತೊಡಕು ಏನೆಂದರೆ, ಕೋಯಿ ಆ ಸಾಮಾನ್ಯ ಗೆಂಡೆಯದೇ ಬಣ್ಣದ ತಳಿ, ಹಾಗಾಗಿ ಗೆಂಡೆ ಅನ್ನಿಸಿಕೊಳ್ಳುವ ಹಕ್ಕು ಅದಕ್ಕೇ ಜಾಸ್ತಿ. ಹೊಂಗೆಂಡೆ ಅಂತ ಕೇಳಿದರೆ ಮತ್ತೆ ಕೋಯಿಯೇ ಕವರಿಗೆ ಬಿದ್ದೀತು. ಅತ್ತೆಯ ಆಕ್ಷೇಪ ಬೇರೆ: ಗೆಂಡೆ ಸಾರಿನ ಮೀನು, ಅದನ್ನು ಸುಮ್ನೆ ನೋಡ್ತಾ ಕೂರೋಕೆ ಸಾಕ್ತಾರಾ?

ಇನ್ನು ಗೋಲ್ಡ್ ಫಿಶ್ ತಳಿಗಳ ಬಾಲದ ವಿಷಯ. ಹೊರಗಿನ ತೊಟ್ಟಿಗೆ ಆಗಿಬರುವುದು ಒಂದೇ ಬಾಲದವು, ಕಾಮೆಟ್, ಶುಬುಂಕಿನ್ ಇಂಥವು. ಸೀರೆ ನೆರಿಗೆಯ ಹಾಗೆ ಎರಡು ಬಾಲ ಇಳಿಬಿಟ್ಟ ಒರಾಂಡಾ ನೋಡಲು ಚೆಂದವೇ, ಆದರೆ ನಿಧಾನ. ಅದು ತೇಲಿಕೊಂಡು ಬರುವಷ್ಟರಲ್ಲಿ ಕಾಮೆಟ್ ಕಾಳನ್ನೆಲ್ಲ ಮುಗಿಸಿರುತ್ತದೆ, ಮಿಂಚುಳ್ಳಿ ಎರಗಿದರೆ ತಪ್ಪಿಸಿಕೊಳ್ಳುವುದೂ ಕಷ್ಟ. ಸದ್ಯಕ್ಕೆ ನಾನು ಒಂಟಿಬಾಲ, ಜೋಡಿಬಾಲ ಅನ್ನುತ್ತಿದ್ದೇನೆ. ಒಂಟಿಬಾಲ ಅಂದರೆ ಇನ್ನೊಂದು ಉದುರಿಹೋದ ಹಾಗಿದೆ ಅಂತ ಮಗಳು ನಗುತ್ತಾಳೆ. ಶುಬುಂಕಿನ್ ಮೈಮೇಲಂತೂ ನೀಲಿ, ಬಿಳಿ, ಕಪ್ಪು ಚುಕ್ಕೆಗಳು. ಅದಕ್ಕೂ 'ಹೊಂ' ಅನ್ನಬೇಕಾ?

ನಿಮ್ಮ ಕಡೆ ಕೆರೆಯಲ್ಲಿ ಬಲೆ ಬೀಸುವವರು ಮೀಸೆ ಇರುವ ಗೆಂಡೆಗೆ ಒಂದು, ಇಲ್ಲದ್ದಕ್ಕೆ ಒಂದು ಅಂತ ಹೆಸರು ಇಟ್ಟುಕೊಂಡಿದ್ದಾರಾ? ಇದ್ದರೆ ಹೇಳಿ, ನಾನು ಪದ ಕಟ್ಟುವುದು ಬಿಟ್ಟು ಅದನ್ನೇ ತಗೊಳ್ಳುತ್ತೇನೆ.