ಸಹಾಯ ಬೇಕು: ಟಾಸ್ಕ್ ಗಡುವು ತಪ್ಪುವುದರ ವಿಶ್ಲೇಷಣೆ

ಎಲ್ಲರಿಗೂ ನಮಸ್ಕಾರ. ಮಲ್ಪೆಯ ಮಂಜುಗಡ್ಡೆ ಘಟಕವೊಂದಕ್ಕಾಗಿ ಫ್ರೀಆರ್‌ಟಿಒಎಸ್ ಎಂಬ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂನಲ್ಲಿ ನಾನು ರೂಪಿಸುತ್ತಿರುವ ನಿಯಂತ್ರಕದ ಮೂರು ಟಾಸ್ಕ್‌ಗಳ ಒಟ್ಟು ಪ್ರೊಸೆಸರ್ ಬಳಕೆ ಸುಮಾರು ಶೇ. 60 ಇದ್ದು, 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ತೋರಿಸಿಕೊಟ್ಟ ಶೇ. 78ರ ಮಿತಿಯೊಳಗೇ (ಬಳಕೆ ಇದನ್ನು ಮೀರದಿದ್ದರೆ ಮೂರು ಟಾಸ್ಕ್‌ಗಳಲ್ಲಿ ಯಾವುದೂ ಗಡುವು ತಪ್ಪದೆಂಬ ಲೆಕ್ಕ) ಇದ್ದರೂ, ಅಮೋನಿಯಾ ಒತ್ತಡವನ್ನು ಅಳೆಯುವ, ಅತಿ ಹೆಚ್ಚಿನ ಆದ್ಯತೆಯ ಟಾಸ್ಕ್ ಆಗಾಗ ಗಡುವು ತಪ್ಪುತ್ತಿದೆ. ಆ ಮಿತಿ ಟಾಸ್ಕ್‌ಗಳು ಪರಸ್ಪರ ಸ್ವತಂತ್ರವೆಂದು ಭಾವಿಸುತ್ತದೆ. ನನ್ನಲ್ಲಾದರೋ ಎರಡು ಟಾಸ್ಕ್‌ಗಳು ಒಂದೇ ಎಸ್‌ಪಿಐ ಬಸ್ಸನ್ನು (ಚಿಪ್‌ಗಳ ನಡುವಿನ ದತ್ತಾಂಶ ಮಾರ್ಗ) ಬೈನರಿ ಸೆಮಾಫೋರ್ (ಒಮ್ಮೆಗೆ ಒಂದೇ ಟಾಸ್ಕನ್ನು ಬಿಡುವ ಬೀಗ) ಮೂಲಕ ಹಂಚಿಕೊಳ್ಳುತ್ತಿರುವುದರಿಂದ, 1997ರಲ್ಲಿ ಮಾರ್ಸ್ ಪಾತ್‌ಫೈಂಡರ್ ನೌಕೆಯನ್ನು ಕಾಡಿದ ಆದ್ಯತೆಯ ತಿರುವುಮುರುವೇ (ಬೀಗ ಹಿಡಿದ ಕಡಿಮೆ ಆದ್ಯತೆಯ ಟಾಸ್ಕನ್ನು ಮಧ್ಯಮ ಆದ್ಯತೆಯದು ತಡೆದು, ಹೆಚ್ಚಿನ ಆದ್ಯತೆಯದು ಕಾಯುವಂತಾಗುವುದು) ಇಲ್ಲೂ ಇದೆಯೆಂಬ ಗುಮಾನಿ ನನಗಿದೆ. ಕಾಯುತ್ತಿರುವ ಟಾಸ್ಕ್‌ನ ಆದ್ಯತೆಯನ್ನು ಬೀಗ ಹಿಡಿದ ಟಾಸ್ಕ್‌ಗೆ ತಾತ್ಕಾಲಿಕವಾಗಿ ದಾಟಿಸುವ ಮ್ಯೂಟೆಕ್ಸ್ ಎಂಬ ಬೀಗ ಹಾಕಬಹುದು, ಆದರೆ ಕೆಲಸಗಾರರ ಜೀವದ ಪ್ರಶ್ನೆಯಿರುವಲ್ಲಿ ಊಹೆ ಸಾಲದು. ಟಾಸ್ಕ್‌ಗಳ ಓಟವನ್ನು ದಾಖಲಿಸಿ ತೋರಿಸುವ ಟ್ರೇಸಲೈಜರ್ ಅಥವಾ ಸಿಸ್ಟಮ್‌ವ್ಯೂ ತಂತ್ರಾಂಶ ಬಳಸಿ, ಟಾಸ್ಕ್ ಬೀಗಕ್ಕಾಗಿ ಕಾಯುವ ತಡೆಯ ಅವಧಿಯನ್ನು ಅಳೆದು, ಅದನ್ನು ಪ್ರತಿಕ್ರಿಯಾ ಸಮಯದ ಲೆಕ್ಕಕ್ಕೆ ಸೇರಿಸಿದ ಅನುಭವವಿರುವವರು ದಯವಿಟ್ಟು ವಿಧಾನ ತಿಳಿಸಿ. ಉಡುಪಿ, ಮಣಿಪಾಲ, ಮಂಗಳೂರಿನಲ್ಲಿರುವವರಾದರೆ ಬೋರ್ಡ್ ಸಮೇತ ನಾನೇ ಬರುತ್ತೇನೆ.